ಕೆಂಪಗಾಗುವ ಮೊದಲೇ ಟೊಮೆಟೊ ಕೀಳಬಹುದೇ?

ಪ್ರಶ್ನೆ: ತಾರಸಿಯಲ್ಲಿ ಬೆಳೆದ ಟೊಮೆಟೊ ಕೆಂಪೇರುವ ಹೊತ್ತಿಗೆ ಅಳಿಲು, ಪಿಕಳಾರಗಳ ಪಾಲಾಗುತ್ತಿದೆ. ಮೊದಲೇ ಕಿತ್ತರೆ ರುಚಿ ಕೆಡುವುದಿಲ್ಲವೇ?

ಉತ್ತರ: ಹದ ನೋಡಿ ಕಿತ್ತರೆ ಕೆಡುವುದಿಲ್ಲ. ಹೂವು ಉದುರಿದ ತುದಿಯಲ್ಲಿ ಹಸಿರು ಮಾಸಿ ನಸುಗೆಂಪು ಕಂಡರೆ ಕಾಯಿ ಬಲಿತಿದೆ ಎಂದೇ ಅರ್ಥ. ಮುಂದೆ ಹಣ್ಣಾಗಿಸುವ ಎಥಿಲೀನ್ ಅನಿಲ ಅದರೊಳಗೇ ಹುಟ್ಟುತ್ತದೆ, ಬಿಸಿಲು ಬೇಕಿಲ್ಲ. ಅಡುಗೆಮನೆಯಲ್ಲಿ ಒಂದರ ಮೇಲೊಂದು ಪೇರಿಸದೆ ಹರಡಿಡಿ. ಬೇಗ ಬೇಕಿದ್ದರೆ ಪಕ್ಕದಲ್ಲೊಂದು ಮಾಗಿದ ಬಾಳೆಹಣ್ಣಿರಲಿ. ಫ್ರಿಜ್ ಮಾತ್ರ ಬೇಡ, ತಣ್ಣಗಾದರೆ ಪರಿಮಳ ಹೋಗುತ್ತದೆ. ಬೇಸಿಗೆಯಲ್ಲಂತೂ ಒಳಗೆ ತಂದು ಮಾಗಿಸುವುದೇ ಲೇಸು: 30 ಡಿಗ್ರಿ ಸೆಲ್ಸಿಯಸ್ ಮೀರಿದ ಸೆಕೆಯಲ್ಲಿ ಕೆಂಪು ಬಣ್ಣ ಕೊಡುವ ಲೈಕೋಪೀನ್ ಸರಿಯಾಗಿ ಕೂಡದೆ, ಗಿಡದಲ್ಲಿ ಬಿಟ್ಟ ಹಣ್ಣು ಹಳದಿ ಹಳದಿಯಾಗಿಯೇ ಉಳಿಯಬಹುದು.

ಅಳಿಲು, ಹಕ್ಕಿಗಳನ್ನು ತಡೆಯಲೆಂದು ಗಿಡಕ್ಕೆ ಸಡಿಲ ನೈಲಾನ್ ಬಲೆ ಹೊದಿಸಬೇಡಿ. ಹಕ್ಕಿಯ ಕಾಲು, ಹಾವಿನ ಮೈ ಅದರಲ್ಲಿ ಸಿಕ್ಕಿಕೊಂಡರೆ ನರಳಿ ಸಾಯುತ್ತವೆ. ಗೊಂಚಲಿಗೆ ತೆಳು ಬಟ್ಟೆಯ ಚೀಲ ಕಟ್ಟಿದರೆ ಸಾಕು. ಪಿಕಳಾರ ಹುಳುಗಳನ್ನೂ ಹಿಡಿದು ಮರಿಗಳಿಗೆ ಉಣಿಸುವ ಹಕ್ಕಿ, ಅದನ್ನು ಓಡಿಸಬೇಡಿ. ಮಣ್ಣಿನ ತಟ್ಟೆಯಲ್ಲಿ ದಿನವೂ ನೀರಿಡಿ; ಬಿರುಬಿಸಿಲಲ್ಲಿ ಹಕ್ಕಿಗಳು ಹಣ್ಣು ಕುಕ್ಕುವುದು ಎಷ್ಟೋ ಸಲ ಬಾಯಾರಿಕೆಗೆ.