ಕಬ್ಬಿನ ಸಾಗಣೆ: ದೂರದ ಲೆಕ್ಕಕ್ಕಿಂತ ಗಂಟೆಯ ಲೆಕ್ಕ ಮುಖ್ಯ



"ಹೆದ್ದಾರಿ ಬಂತು ಸರಿ, ನಮಗೇನು ಬಂತು?" ಮದ್ದೂರು ತಾಲ್ಲೂಕಿನ ಶಿವಪುರ ಹಾಗೂ ಸುತ್ತಮುತ್ತಲಿನ ಗ್ರಾಮಗಳಲ್ಲಿ ಈ ಪ್ರಶ್ನೆ ಸಹಜವಾದುದು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯನ್ನು 2023ರ ಮಾರ್ಚ್ 12ರಂದು ಇದೇ ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟಿಸಲಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ಆಟೋರಿಕ್ಷಾ, ಎತ್ತಿನ ಗಾಡಿ ಹಾಗೂ ಟ್ರ್ಯಾಕ್ಟರ್‌ಗಳ ಸಂಚಾರವನ್ನು ನಿಷೇಧಿಸಲಾಯಿತು. ಟ್ರೈಲರ್ ಇರಲಿ, ಇಲ್ಲದಿರಲಿ, ಟ್ರ್ಯಾಕ್ಟರ್ ಸೇವಾ ರಸ್ತೆಯಲ್ಲೇ ಸಾಗಬೇಕು. ಭೂಮಿಯನ್ನು ರಸ್ತೆಗೆ ಬಿಟ್ಟುಕೊಟ್ಟ ಊರಿನ ಕಬ್ಬಿನ ಗಾಡಿಗೆ ಆ ರಸ್ತೆಯಲ್ಲಿ ಪ್ರವೇಶವಿಲ್ಲವೆಂಬುದು ಹಲವರ ಬೇಸರ. ತಾಸಿಗೆ 100 ಕಿಲೋಮೀಟರ್ ವೇಗದ ವಾಹನಗಳ ನಡುವೆ ನಿಧಾನವಾಗಿ ಚಲಿಸುವ ಗಾಡಿ ಇದ್ದರೆ ಪ್ರಾಣಾಪಾಯ ಖಚಿತವೆಂಬುದು ಇನ್ನು ಕೆಲವರ ವಾದ.

ಎರಡೂ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಕಬ್ಬು ಬೆಳೆಗಾರನ ನಷ್ಟವನ್ನು ಕಡಿಮೆ ಮಾಡುವ ದೃಷ್ಟಿಯಿಂದ ನೋಡಿದರೆ, ಈ ಚರ್ಚೆಯಲ್ಲಿ ಒಂದು ಮುಖ್ಯ ಸಂಗತಿ ಬಿಟ್ಟುಹೋಗುತ್ತಿದೆ. ಕಬ್ಬಿನ ತೂಕ ಮತ್ತು ಸಿಹಿ ಕಡಿಮೆಯಾಗುವುದು ಕಿಲೋಮೀಟರ್‌ಗಳಿಂದಲ್ಲ, ಗಂಟೆಗಳಿಂದ. ಆ ಗಂಟೆಗಳಲ್ಲಿ ರಸ್ತೆಯ ಪಾಲು ತೀರಾ ಚಿಕ್ಕದು. ಉಳಿದ ಗಂಟೆಗಳು ಎಲ್ಲಿ ಕಳೆಯುತ್ತವೆ, ಅವನ್ನು ಉಳಿಸುವ ಬಗೆ ಯಾವುದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಕಟಾವಿನ ನಂತರ ಕಬ್ಬಿನಲ್ಲಿ ಏನಾಗುತ್ತದೆ?

ಕತ್ತರಿಸಿದ ಕಬ್ಬು ನಿರ್ಜೀವ ವಸ್ತುವಲ್ಲ. ಬೇರಿನಿಂದ ಬೇರ್ಪಟ್ಟ ಮೇಲೂ ಅದು ಉಸಿರಾಡುತ್ತದೆ, ನೀರನ್ನು ಕಳೆದುಕೊಳ್ಳುತ್ತದೆ. ಮೂರು ಬಗೆಯ ಬದಲಾವಣೆಗಳು ಏಕಕಾಲಕ್ಕೆ ನಡೆಯುತ್ತವೆ.

ಮೊದಲನೆಯದಾಗಿ, ತೇವಾಂಶ ಆವಿಯಾಗಿ ತೂಕ ಇಳಿಯುತ್ತದೆ. ಎರಡನೆಯದಾಗಿ, ಕಬ್ಬಿನಲ್ಲಿಯೇ ಇರುವ ಇನ್ವರ್ಟೇಸ್ ಎಂಬ ಕಿಣ್ವವು ಸುಕ್ರೋಸನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್‌ಗಳಾಗಿ ಒಡೆಯುತ್ತದೆ. ನಾಲಿಗೆಗೆ ಅದು ಸಿಹಿಯಾಗಿಯೇ ಇದ್ದರೂ ಹರಳುಗಟ್ಟಿ ಸಕ್ಕರೆಯಾಗುವುದಿಲ್ಲ. ಬೆಲ್ಲ ತಯಾರಿಸುವವರಿಗೂ ಇದು ತೊಂದರೆಯೇ. ಹಳಸಿದ ಕಬ್ಬಿನ ಬೆಲ್ಲ ಸರಿಯಾಗಿ ಗಟ್ಟಿಯಾಗದೆ ಬೇಗ ನೀರೊಡೆಯುತ್ತದೆ. ಮೂರನೆಯದಾಗಿ, ಕತ್ತರಿಸಿದ ತುದಿಗಳ ಮೂಲಕ ಲ್ಯೂಕೋನಾಸ್ಟಾಕ್ ಎಂಬ ಬ್ಯಾಕ್ಟೀರಿಯಾ ಒಳಸೇರಿ ಡೆಕ್ಸ್‌ಟ್ರಾನ್ ಎಂಬ ಅಂಟನ್ನು ಉತ್ಪಾದಿಸುತ್ತದೆ. ಈ ಅಂಟು ರಸವನ್ನು ಶುದ್ಧಗೊಳಿಸುವುದಕ್ಕೂ ಸಕ್ಕರೆ ಹರಳುಗಟ್ಟುವುದಕ್ಕೂ ಅಡ್ಡಿಯಾಗುತ್ತದೆ.

ಬಿಸಿಲು ಹೆಚ್ಚಿದಷ್ಟೂ ಈ ಮೂರೂ ಚುರುಕಾಗುತ್ತವೆ. ಬೆಂಕಿ ಹಚ್ಚಿ ಕಟಾವು ಮಾಡಿದ ಕಬ್ಬು ಹಸಿ ಕಬ್ಬಿಗಿಂತ ಬೇಗ ಕೆಡುತ್ತದೆ. ತುಂಡು ತುಂಡಾಗಿ ಕತ್ತರಿಸುವ ಯಂತ್ರದಿಂದ ಕಟಾವಾದ ಕಬ್ಬಿಗೆ ಕತ್ತರಿಸಿದ ಬಾಯಿಗಳು ಹೆಚ್ಚಿರುವುದರಿಂದ, ಇಡೀ ಜಲ್ಲೆಗಿಂತ ಅದು ಇನ್ನೂ ಬೇಗ ಹಾಳಾಗುತ್ತದೆ. ಆದ್ದರಿಂದಲೇ ಕಟಾವಾದ 24 ಗಂಟೆಗಳೊಳಗೆ ಕಬ್ಬನ್ನು ಅರೆಯಬೇಕೆಂದು ಶಿಫಾರಸು ಮಾಡಲಾಗುತ್ತದೆ.

ಗಂಟೆಗಳು ಎಲ್ಲಿ ಕಳೆಯುತ್ತವೆ?

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಿ. ಶಿವಪುರದ ಬಳಿಯ ಒಬ್ಬ ರೈತರು ಸೋಮವಾರ ಬೆಳಿಗ್ಗೆ 7 ಗಂಟೆಗೆ ಕಟಾವು ಆರಂಭಿಸುತ್ತಾರೆ. ಕೂಲಿ ಆಳುಗಳ ಕೊರತೆಯಿಂದ ಟ್ರೈಲರ್ ತುಂಬಿ ಹೊರಡುವಾಗ ಮಂಗಳವಾರ ಬೆಳಿಗ್ಗೆ 10 ಗಂಟೆಯಾಗಿರುತ್ತದೆ. ಇಲ್ಲಿಗೆ 27 ಗಂಟೆ ಕಳೆಯಿತು. ಮಂಡ್ಯ ಸುಮಾರು 20 ಕಿಲೋಮೀಟರ್ ದೂರ. ತುಂಬಿದ ಟ್ರ್ಯಾಕ್ಟರ್ ಸೇವಾ ರಸ್ತೆಯಲ್ಲಿ ಒಂದೂವರೆ ಗಂಟೆಯಲ್ಲಿ ತಲುಪಿತೆನ್ನೋಣ. ಕಾರ್ಖಾನೆಯ ಅಂಗಳದಲ್ಲಿ ಸರದಿ ನಿಂತು, ಬುಧವಾರ ಬೆಳಿಗ್ಗೆ 7 ಗಂಟೆಗೆ ಮೊದಲ ಜಲ್ಲೆಗಳು ತೂಕದ ಸೇತುವೆಯನ್ನು ಕಾಣುತ್ತವೆ; ಅಲ್ಲಿ ಹತ್ತೊಂಬತ್ತೂವರೆ ಗಂಟೆ. ಒಟ್ಟು 48 ಗಂಟೆಗಳಲ್ಲಿ ರಸ್ತೆಯ ಪಾಲು ಒಂದೂವರೆ ಗಂಟೆ ಮಾತ್ರ.

ಟ್ರ್ಯಾಕ್ಟರ್‌ಗೆ ಮುಖ್ಯ ಪಥದಲ್ಲಿ ಅವಕಾಶ ದೊರೆತರೂ ಅದು ಕಾರಿನ ವೇಗದಲ್ಲಿ ಓಡುವುದಿಲ್ಲ. ಉಳಿಯುವುದು ಕೆಲವು ನಿಮಿಷಗಳು. ಹೊಲದ ಬದುವಿನಲ್ಲಿ ಮತ್ತು ಕಾರ್ಖಾನೆಯ ಅಂಗಳದಲ್ಲಿ ಕಳೆದ ನಲವತ್ತಾರೂವರೆ ಗಂಟೆಗಳ ಬಗ್ಗೆ ಯಾರೂ ಕೇಳದಿದ್ದರೆ, ರಸ್ತೆಯ ಬಗೆಗಿನ ವಾದದಲ್ಲಿ ಗೆದ್ದರೂ ನಷ್ಟ ಹಾಗೆಯೇ ಉಳಿಯುತ್ತದೆ.

ಈ ನಷ್ಟ ಎಷ್ಟು?

ಕೇಂದ್ರ ಸರ್ಕಾರವು 2025–26ರ ಸಕ್ಕರೆ ಹಂಗಾಮಿಗೆ ಶೇ. 10.25 ಸಕ್ಕರೆ ಇಳುವರಿಯ ಕಬ್ಬಿಗೆ ಕ್ವಿಂಟಲ್‌ಗೆ ರೂ. 355 ನ್ಯಾಯಸಮ್ಮತ ಮತ್ತು ಲಾಭದಾಯಕ ದರವನ್ನು ನಿಗದಿಪಡಿಸಿದೆ. ಇಳುವರಿ ಶೇ. 9.5 ಅಥವಾ ಅದಕ್ಕಿಂತ ಕಡಿಮೆಯಿದ್ದರೂ ಕ್ವಿಂಟಲ್‌ಗೆ ರೂ. 329.05ಕ್ಕಿಂತ ಕಡಿಮೆ ನೀಡುವಂತಿಲ್ಲ. ಈ ಕನಿಷ್ಠ ದರದಲ್ಲಿಯೇ ಲೆಕ್ಕ ಹಾಕೋಣ. 10 ಟನ್ ಕಬ್ಬು ಕಾಯುವಿಕೆಯಿಂದ ಶೇ. 3ರಷ್ಟು ತೂಕ ಕಳೆದುಕೊಂಡಿತೆಂದರೆ 300 ಕಿಲೋ ಕಡಿಮೆಯಾಯಿತು. ಅಂದರೆ ಒಂದೇ ಹೊರೆಯಲ್ಲಿ ಸುಮಾರು ರೂ. 987 ನಷ್ಟ. ಎಕರೆಗೆ 40 ಟನ್ ಬೆಳೆದವರಿಗೆ ಇದು ರೂ. 3,900 ದಾಟುತ್ತದೆ.

ತೂಕದ ನಷ್ಟ ನೇರವಾಗಿ ರೈತನದೇ. ತೂಕದ ಸೇತುವೆಯನ್ನು ಏರುವ ಮೊದಲೇ ಅದು ಆಗಿಹೋಗಿರುತ್ತದೆ. ಸಿಹಿಯ ನಷ್ಟ ಮೊದಲು ಕಾರ್ಖಾನೆಗೆ ತಟ್ಟಿದರೂ, ಕಾರ್ಖಾನೆಯ ಸರಾಸರಿ ಇಳುವರಿಯನ್ನು ಆಧರಿಸಿಯೇ ದರ ನಿರ್ಧಾರವಾಗುವುದರಿಂದ, ಕನಿಷ್ಠ ದರದ ಮಟ್ಟದವರೆಗೆ ಅದು ಸುತ್ತಿಬಳಸಿ ರೈತನ ಲೆಕ್ಕಕ್ಕೇ ಬರುತ್ತದೆ.

ಹಾಲಿನಿಂದ ಕಲಿಯಬೇಕಾದ ಪಾಠ

ಇದೇ ಊರುಗಳಲ್ಲಿ ಗಡಿಯಾರಕ್ಕೆ ತಕ್ಕಂತೆ ನಡೆಯುವ ಇನ್ನೊಂದು ಸಾಗಣೆಯಿದೆ. ಬೆಳಿಗ್ಗೆ ಮತ್ತು ಸಂಜೆ ನಿಗದಿತ ವೇಳೆಗೆ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಹಾಲು ಬರುತ್ತದೆ; ಅಳತೆಯಾಗಿ, ಗುಣಮಟ್ಟ ಪರೀಕ್ಷೆಯಾಗಿ, ಗೆಜ್ಜಲಗೆರೆಯಲ್ಲಿರುವ ಜಿಲ್ಲಾ ಒಕ್ಕೂಟದ ಡೇರಿಯತ್ತ ಸಾಗುತ್ತದೆ. ಹಾಲಿನ ವಾಹನ ತಡವಾದರೆ ಊರೇ ಕೇಳುತ್ತದೆ, ಏಕೆಂದರೆ ಹಾಲು ಒಡೆದದ್ದು ಕಣ್ಣಿಗೆ ಕಾಣುತ್ತದೆ. ಕಬ್ಬು ಒಳಗೊಳಗೇ ಕೆಡುತ್ತದೆ; ಹೊರಗಿನಿಂದ ಜಲ್ಲೆ ಜಲ್ಲೆಯಂತೆಯೇ ಇರುತ್ತದೆ. ಕಾಣದ ನಷ್ಟವನ್ನು ಕಾಣುವಂತೆ ಮಾಡಲು ಬೇಕಾದುದು ಬರವಣಿಗೆ.

ಎಳನೀರಿನ ಬೆಳೆಗಾರರ ಸ್ಥಿತಿ ಬೇರೆ. ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ಲಾರಿಗಳು ದೂರದ ನಗರಗಳಿಗೆ ಹೊರಡುತ್ತವೆ. ಲಾರಿಗೆ ಮುಖ್ಯ ಪಥದಲ್ಲಿ ನಿರ್ಬಂಧವಿಲ್ಲ. ಆ ಬೆಳೆಗೆ ಎಕ್ಸ್‌ಪ್ರೆಸ್‌ವೇ ನಿಜಕ್ಕೂ ಸಮಯ ಉಳಿಸುತ್ತದೆ. ಒಂದೇ ರಸ್ತೆ ಒಂದು ಬೆಳೆಗೆ ವರವಾಗಿ, ಇನ್ನೊಂದಕ್ಕೆ ಸುತ್ತುದಾರಿಯಾಗಿ ಕಾಣುವುದು ಹೀಗೆ. "ಹೆದ್ದಾರಿ ಒಳ್ಳೆಯದೋ ಕೆಟ್ಟದ್ದೋ" ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ.

ಹೊಲದಲ್ಲಿ ಅನುಸರಿಸಬೇಕಾದ ಕ್ರಮಗಳು

1. ಪಕ್ವತೆಯನ್ನು ಅಳೆದು ಕಟಾವು ಮಾಡಿ. ಹ್ಯಾಂಡ್ ರಿಫ್ರಾಕ್ಟೋಮೀಟರ್‌ನಿಂದ ಜಲ್ಲೆಯ ಬುಡ, ಮಧ್ಯ ಮತ್ತು ತುದಿಯ ರಸವನ್ನು ಪರೀಕ್ಷಿಸಿ. ಬುಡ ಮತ್ತು ತುದಿಯ ಬ್ರಿಕ್ಸ್ ಅಂಕಗಳು ಹತ್ತಿರ ಬಂದಾಗ ಕಬ್ಬು ಪಕ್ವವಾಗಿದೆ ಎಂದರ್ಥ.

2. ವಾಹನ ಖಚಿತವಾಗದೆ ಕತ್ತಿ ಹಾಕಬೇಡಿ. ಕಟಾವಿನ ಆದೇಶ ಬಂದೊಡನೆ ಆಳು ಮತ್ತು ಟ್ರ್ಯಾಕ್ಟರ್ ಎರಡನ್ನೂ ಒಂದೇ ದಿನಕ್ಕೆ ಹೊಂದಿಸಿಕೊಳ್ಳಿ. ಒಂದು ದಿನದಲ್ಲಿ ತುಂಬಲಾಗುವಷ್ಟನ್ನೇ ಕಡಿಯಿರಿ. ನಿಂತ ಕಬ್ಬು ಕಾಯಬಲ್ಲದು. ಕಡಿದ ಕಬ್ಬು ಕಾಯಲಾರದು.

3. ನೆಲಮಟ್ಟಕ್ಕೆ ಕತ್ತರಿಸಿ. ಬುಡದ ಗೆಣ್ಣುಗಳಲ್ಲಿ ಸಕ್ಕರೆ ಅಂಶ ಹೆಚ್ಚು. ಎತ್ತರಕ್ಕೆ ಕಡಿದರೆ ತೂಕವೂ ನಷ್ಟ, ಕೂಳೆ ಬೆಳೆಯ ಮೊಳಕೆಯೂ ದುರ್ಬಲ.

4. ತಡ ಅನಿವಾರ್ಯವಾದರೆ, ಕಡಿದ ಕಬ್ಬನ್ನು ನೆರಳಿನಲ್ಲಿ ಒಟ್ಟಾಗಿ ಪೇರಿಸಿ, ನೀರು ಚಿಮುಕಿಸಿ, ರವದಿಯಿಂದ ಮುಚ್ಚಿ. ತೇವಾಂಶದ ನಷ್ಟ ಇದರಿಂದ ಕಡಿಮೆಯಾಗುತ್ತದೆ.

5. ರವದಿಗೆ ಬೆಂಕಿ ಹಚ್ಚಬೇಡಿ. ಕಬ್ಬು ಬೇಗ ಕೆಡುವುದರ ಜೊತೆಗೆ ಮಣ್ಣಿಗೆ ಸೇರಬೇಕಾದ ಸಾವಯವ ಅಂಶವೂ ಸುಟ್ಟುಹೋಗುತ್ತದೆ.

ರಸ್ತೆಯಲ್ಲಿ ಅನುಸರಿಸಬೇಕಾದ ಕ್ರಮಗಳು

ಸಮಯದ ಲೆಕ್ಕದಲ್ಲಿ ರಸ್ತೆ ಚಿಕ್ಕದಾದರೂ ಪ್ರಾಣದ ಲೆಕ್ಕದಲ್ಲಿ ಅದೇ ದೊಡ್ಡದು. ಟ್ರೈಲರ್‌ನ ಹಿಂಭಾಗ ಮತ್ತು ಎರಡೂ ಪಕ್ಕಗಳಿಗೆ ಪ್ರತಿಫಲಿಸುವ ಪಟ್ಟಿಗಳನ್ನು ಅಂಟಿಸಿ. ಹಿಂದಿನ ಕೆಂಪು ದೀಪ ಉರಿಯುವುದನ್ನು ಹೊರಡುವ ಮೊದಲೇ ಪರೀಕ್ಷಿಸಿ. ಹೊರಕ್ಕೆ ಚಾಚಿದ ಜಲ್ಲೆಗಳು ಪಟ್ಟಿಯನ್ನೂ ದೀಪವನ್ನೂ ಮರೆಮಾಡದಿರಲಿ. ಸುತ್ತುದಾರಿಯನ್ನು ತಪ್ಪಿಸಲು ಸೇವಾ ರಸ್ತೆಯಲ್ಲಿ ವಿರುದ್ಧ ದಿಕ್ಕಿಗೆ ಗಾಡಿ ಓಡಿಸಬೇಡಿ. ಐದು ನಿಮಿಷದ ಉಳಿತಾಯಕ್ಕೆ ತೆರಬೇಕಾದ ಬೆಲೆ ಅತಿಯಾಗಬಹುದು. ವಾಹನ ಕೆಟ್ಟು ನಿಂತರೆ ಹಿಂದೆ ದೂರದಲ್ಲಿಯೇ ಎಚ್ಚರಿಕೆಯ ಗುರುತನ್ನು ಇರಿಸಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ನೆರವಿಗೆ 1033, ತುರ್ತು ಸೇವೆಗೆ 112 ಸಂಖ್ಯೆಗೆ ಕರೆ ಮಾಡಿ. ಸೇವಾ ರಸ್ತೆ ತುಂಡಾಗಿರುವ, ಕೆಳಸೇತುವೆಯಲ್ಲಿ ನೀರು ನಿಲ್ಲುವ ಅಥವಾ ತುಂಬಿದ ಟ್ರೈಲರ್ ಹಾಯಲಾಗದ ಸ್ಥಳಗಳಿದ್ದರೆ ಆ ಸ್ಥಳದ ಚಿತ್ರ ತೆಗೆದು, ದಿನಾಂಕ ಸಹಿತ ಲಿಖಿತ ದೂರನ್ನು ಸಲ್ಲಿಸಿ.

ಮೊಬೈಲ್ ಫೋನನ್ನು ಸಾಕ್ಷಿಯಾಗಿಸಿ

ಪ್ರತಿ ಹೊರೆಗೂ ನಾಲ್ಕು ವೇಳೆಗಳನ್ನು ಬರೆದಿಡಿ: ಕಟಾವು ಆರಂಭವಾದ ವೇಳೆ, ಗಾಡಿ ಹೊರಟ ವೇಳೆ, ಕಾರ್ಖಾನೆಯ ಬಾಗಿಲು ತಲುಪಿದ ವೇಳೆ ಮತ್ತು ತೂಕವಾದ ವೇಳೆ. ಬರೆಯಲು ಬಿಡುವಿಲ್ಲದಿದ್ದರೆ ಪ್ರತಿ ಹಂತದಲ್ಲಿ ಒಂದು ಛಾಯಾಚಿತ್ರ ತೆಗೆಯಿರಿ. ಫೋನ್ ತಾನೇ ದಿನಾಂಕ ಮತ್ತು ವೇಳೆಯನ್ನು ದಾಖಲಿಸುತ್ತದೆ. ಕಟಾವಿನ ಆದೇಶದ ಸಂದೇಶ ಹಾಗೂ ತೂಕದ ಚೀಟಿಯನ್ನು ಅಳಿಸದೆ ಉಳಿಸಿಕೊಳ್ಳಿ. ಒಂದು ಊರಿನ ಹತ್ತು ಜನ ಬೆಳೆಗಾರರು ಒಂದು ಹಂಗಾಮಿನಲ್ಲಿ ಹೀಗೆ ಮಾಡಿದರೆ ಯಾವ ಹಂತದಲ್ಲಿ ಎಷ್ಟು ಗಂಟೆ ಕಳೆಯುತ್ತಿದೆ ಎಂಬುದು ಸ್ಪಷ್ಟವಾಗುತ್ತದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅಂಗಳದ ಸರದಿಯ ಸ್ಥಿತಿಯನ್ನು ಪರಸ್ಪರ ತಿಳಿಸಿದರೆ, ಉದ್ದನೆಯ ಸರದಿಯಿದ್ದ ದಿನ ಕಟಾವನ್ನೇ ಮುಂದೂಡಬಹುದು. ಯಂತ್ರೋಪಕರಣದ ವೆಚ್ಚವಿಲ್ಲದೆ ಸಿಗುವ ತಂತ್ರಜ್ಞಾನವಿದು.

ನೀತಿ ಮತ್ತು ಹಕ್ಕು

ನ್ಯಾಯಸಮ್ಮತ ಮತ್ತು ಲಾಭದಾಯಕ ದರವು ಕಾರ್ಖಾನೆಯ ಬಾಗಿಲಿನಲ್ಲಿ ಕಬ್ಬನ್ನು ಒಪ್ಪಿಸಿದಾಗ ಸಲ್ಲುವ ದರ. ಕಾರ್ಖಾನೆಯೇ ಕಟಾವು ಮತ್ತು ಸಾಗಣೆಯನ್ನು ಏರ್ಪಡಿಸಿದಾಗ ಆ ವೆಚ್ಚವನ್ನು ರೈತರ ಹಣದಿಂದ ಕಳೆಯುವ ರೂಢಿಯಿದೆ. ದರವನ್ನು ಹೊಲದಲ್ಲಿಯೇ ನೀಡಬೇಕೆಂಬುದು ರಾಜ್ಯದ ರೈತ ಸಂಘಟನೆಗಳ ಬಹುಕಾಲದ ಬೇಡಿಕೆ. ಅದು ಇತ್ಯರ್ಥವಾಗುವವರೆಗೆ ನಿಮ್ಮ ಬಿಲ್ಲಿನಲ್ಲಿ ಕಟಾವು ಮತ್ತು ಸಾಗಣೆಗೆ ಎಷ್ಟು ಕಳೆದಿದ್ದಾರೆ, ಯಾವ ದೂರಕ್ಕೆ ಕಳೆದಿದ್ದಾರೆ ಎಂಬುದನ್ನು ಪ್ರತ್ಯೇಕವಾಗಿ ನೋಡಿಕೊಳ್ಳಿ.

1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಹಣ ಪಾವತಿಯಾಗಬೇಕು. ತಡವಾದರೆ ವಾರ್ಷಿಕ ಶೇ. 15ರ ಬಡ್ಡಿ ಸಲ್ಲಬೇಕು. ಸಹಿ ಹಾಕುವ ಮುನ್ನ ಒಪ್ಪಂದದ ಪತ್ರವನ್ನು ಓದಬೇಕಾದುದು ಈ ಕಾರಣದಿಂದಲೇ. ತೂಕದಲ್ಲಿ ಅನುಮಾನವಿದ್ದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೂ, ಪಾವತಿಯ ವಿಷಯದಲ್ಲಿ ಕಬ್ಬು ಅಭಿವೃದ್ಧಿ ಆಯುಕ್ತರು ಹಾಗೂ ಸಕ್ಕರೆ ನಿರ್ದೇಶಕರ ಕಚೇರಿಗೂ ದೂರು ಸಲ್ಲಿಸಬಹುದು.

ಯಾವ ಗಂಟೆಗೆ ಯಾರು ಹೊಣೆ ಎಂಬುದನ್ನು ಬೇರ್ಪಡಿಸಿ ಕೇಳಿ. ಹೊಲದಲ್ಲಿ ಕಳೆದ ಗಂಟೆಗಳು ಬೆಳೆಗಾರರ ಹೊಂದಾಣಿಕೆಗೂ ಕಾರ್ಖಾನೆಯ ಕಟಾವು ವೇಳಾಪಟ್ಟಿಗೂ ಸಂಬಂಧಿಸಿದವು. ರಸ್ತೆಯ ಗಂಟೆಗಳು ಹೆದ್ದಾರಿ ಪ್ರಾಧಿಕಾರ ಮತ್ತು ಲೋಕೋಪಯೋಗಿ ಇಲಾಖೆಗೆ ಸಂಬಂಧಿಸಿದವು. ಅಂಗಳದ ಗಂಟೆಗಳು ಕಾರ್ಖಾನೆಗೆ ಸಂಬಂಧಿಸಿದವು. ಎಲ್ಲವನ್ನೂ ಹೆದ್ದಾರಿಯ ತಲೆಗೆ ಕಟ್ಟಿದರೆ ಉಳಿದ ಇಬ್ಬರು ಹೊಣೆಯಿಂದ ಪಾರಾಗುತ್ತಾರೆ.

1938ರ ಏಪ್ರಿಲ್ ತಿಂಗಳಲ್ಲಿ ನಿಷೇಧಾಜ್ಞೆಯನ್ನು ಮೀರಿ ಧ್ವಜ ಹಾರಿಸಿದ ನೆಲ ಶಿವಪುರ. ಪ್ರಶ್ನಿಸುವುದನ್ನು ಆ ಊರಿಗೆ ಯಾರೂ ಕಲಿಸಬೇಕಾಗಿಲ್ಲ. ಗ್ರಾಮ ಸಭೆಯಲ್ಲಾಗಲಿ ಕಾರ್ಖಾನೆಯ ಸಭೆಯಲ್ಲಾಗಲಿ, "ತುಂಬಾ ತಡವಾಗುತ್ತದೆ" ಎಂಬ ಮಾತಿಗೆ ಸಿಗುವುದು ಸಮಾಧಾನದ ಉತ್ತರ. "ಈ ಹತ್ತು ಹೊರೆಗಳು ಅಂಗಳದಲ್ಲಿ ಇಷ್ಟಿಷ್ಟು ಗಂಟೆ ನಿಂತವು" ಎಂಬ ಪಟ್ಟಿಗೆ ಲೆಕ್ಕದ ಉತ್ತರವನ್ನೇ ಕೊಡಬೇಕಾಗುತ್ತದೆ. ಈ ಹಂಗಾಮಿನ ಮೊದಲ ಹೊರೆಯಿಂದಲೇ ನಾಲ್ಕು ವೇಳೆಗಳನ್ನು ಬರೆಯಲು ಆರಂಭಿಸಿ.

ಪಕ್ವತೆ ಪರೀಕ್ಷೆ, ಕಟಾವಿನ ಯೋಜನೆ ಹಾಗೂ ತಳಿಗಳ ಆಯ್ಕೆಯ ಕುರಿತು ಹೆಚ್ಚಿನ ಮಾಹಿತಿಗಾಗಿ ಸಮೀಪದ ರೈತ ಸಂಪರ್ಕ ಕೇಂದ್ರವನ್ನು ಅಥವಾ ಮಂಡ್ಯದ ವಿ.ಸಿ. ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿ. ದೂರವಾಣಿಯ ಮೂಲಕ ಸಲಹೆ ಪಡೆಯಲು ಕಿಸಾನ್ ಕಾಲ್ ಸೆಂಟರ್‌ನ ಉಚಿತ ಸಂಖ್ಯೆ 1800-180-1551ಕ್ಕೆ ಕರೆ ಮಾಡಬಹುದು.