ಮಾದಪ್ಪನ ಹಾದಿಗೆ ಗಂಟು ಕಟ್ಟುವ ಬಗೆ

ಶಿವರಾತ್ರಿ, ಯುಗಾದಿ, ದೀಪಾವಳಿ ಹತ್ತಿರವಾದಂತೆ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಜನ ತಂಡ ಕಟ್ಟಿಕೊಂಡು ಮಾದಪ್ಪನ ನೆಲೆಯಾದ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದೇ ಹೊರಡುತ್ತಾರೆ. ಮಳವಳ್ಳಿಯಿಂದ ಲೆಕ್ಕ ಹಾಕಿದರೂ ಕಾವೇರಿ ದಾಟಿ, ಕೊಳ್ಳೇಗಾಲ, ಹನೂರು, ಕೌದಳ್ಳಿ ಹಾದು, ತಾಳಬೆಟ್ಟದಿಂದ ಮೇಲೆ ಹತ್ತಿ ಗುಡಿ ಮುಟ್ಟುವಷ್ಟರಲ್ಲಿ ನೂರು ಕಿ.ಮೀ. ಮೀರುತ್ತದೆ. ಕನಕಪುರದ ಕಡೆಯಿಂದ ಹೋಗುವವರು ಸಂಗಮದ ಕಾಡು ಹೊಕ್ಕು ಬಸವನಕಡದಲ್ಲಿ ಹೊಳೆ ದಾಟುವುದೂ ಉಂಟು. ರಾತ್ರಿಗಳನ್ನು ದಾರಿಯಲ್ಲೇ ಕಳೆಯಬೇಕು. ಚಾರಣದ ಸಾಮಾನು ಮಾರುವ ಅಂಗಡಿಗಳು ಹುಟ್ಟುವ ಎಷ್ಟೋ ಮೊದಲೇ, ಹೆಗಲಿಗೆ ಏನು ಹೇರಿಕೊಳ್ಳಬೇಕು, ಏನನ್ನು ಮನೆಯಲ್ಲೇ ಬಿಡಬೇಕು ಎಂಬುದನ್ನು ಈ ಹಾದಿ ಕಲಿಸಿತ್ತು.

ಗಂಟಿನಲ್ಲಿ ಮೊದಲ ಜಾಗ ಕಂಬಳಿಯದು. ಬಂಡೂರು ಕುರಿಯ ತವರು ಮಳವಳ್ಳಿ ತಾಲ್ಲೂಕೇ ಆದರೂ ಅದು ಮಾಂಸಕ್ಕೆ ಹೆಸರಾದ ತಳಿ, ಮೈಮೇಲಿನದು ಒರಟು ಕೂದಲು. ಕಂಬಳಿಗೆ ಒದಗುವ ಉಣ್ಣೆ ಬಯಲುಸೀಮೆಯ ಕುರಿಯದು. ಚಳ್ಳಕೆರೆಯ ಕಂಬಳಿ ಸಂತೆಗೆ ನಾಡಿನಲ್ಲೆಲ್ಲ ಹೆಸರು. ಉಣ್ಣೆ ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವ ಹೀರಿದರೂ ಮೈಗೆ ತಣ್ಣಗೆ ಹತ್ತುವುದಿಲ್ಲ. ಹಾಸಲು, ಹೊದೆಯಲು ಅದೇ. ಮಳೆ ಬಂದರೆ ಕೊಪ್ಪೆ ಹಾಕಿಕೊಳ್ಳಲೂ ಅದೇ. ಆಮೇಲೆ ರಸಗೊಬ್ಬರದ ಪ್ಲಾಸ್ಟಿಕ್ ಚೀಲಗಳು ಹಳ್ಳಿಗೆ ಬಂದವು. ಖಾಲಿ ಚೀಲಗಳನ್ನು ಬಿಚ್ಚಿ, ಅಂಚಿಗೆ ಅಂಚು ಕೂಡಿಸಿ ದಬ್ಬಳದಿಂದ ಹೊಲಿದರೆ ನೆಲದ ಥಂಡಿ ಮೇಲೇರದ ಹಾಸು ಸಿದ್ಧ. ಕಂಬಳಿ ಅದರ ಮೇಲೆ ಬಂತು. ಇಂದಿನ ಚಾರಣಿಗರು ದುಡ್ಡು ಕೊಟ್ಟು ಕೊಳ್ಳುವ ನೆಲಹಾಸಿನ ಕೆಲಸವೂ ಇಷ್ಟೇ.

ಬುತ್ತಿಯ ಕಥೆ ಇನ್ನೂ ಉದ್ದ. ಮುದ್ದೆ ದಾರಿಗೆ ಒದಗುವುದಿಲ್ಲ. ಒದಗುವುದು ರಾಗಿ ಹುರಿಹಿಟ್ಟು. ಅರಳಿಸಿ ಬೀಸಿದ ಹಿಟ್ಟಿಗೆ ನೀರು, ಬೆಲ್ಲ ಬಿದ್ದರೆ ಸಾಕು, ಒಲೆ ಬೇಡ. ಕನ್ನಂಬಾಡಿ ಕಟ್ಟೆಯ ನೀರು ನಾಲೆಯಲ್ಲಿ ಹರಿದ ಮೇಲೆ ಮಂಡ್ಯದ ಬಯಲು ಕಬ್ಬಿನ ಗದ್ದೆಯಾಯಿತು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು, ಆಲೆಮನೆಗಳು ಹೆಚ್ಚಿದವು. ಅಚ್ಚುಬೆಲ್ಲ ಮನೆಮನೆಯ ಪದಾರ್ಥವಾಯಿತು. ಮದ್ದೂರು ವಡೆ ರೈಲ್ವೆ ನಿಲ್ದಾಣದ ಕೂಸು. 1917ರಲ್ಲಿ ರಾಮಚಂದ್ರ ಬುದ್ಯಾ ಅವರು ರೈಲಿನ ಅವಸರಕ್ಕೆಂದು ಕರಿದದ್ದು ಎಂಬ ಮಾತು ಜನಜನಿತ. ರವೆ, ಮೈದಾ, ಅಕ್ಕಿಹಿಟ್ಟು, ಈರುಳ್ಳಿ ಕಲಸಿ ಗರಿಗರಿಯಾಗಿ ಕರಿದ ಆ ತೆಳು ವಡೆ ಮಾರನೇ ದಿನಕ್ಕೂ ರುಚಿ ಕೆಡದೆ ಪಯಣಿಗರ ಪೊಟ್ಟಣ ಸೇರಿತು.

ಬೆಳಕು ಮಾತ್ರ ತಡವಾಗಿ ಬಂತು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ಹುಟ್ಟಿದರೂ ಅದು ಸುಮಾರು 147 ಕಿ.ಮೀ. ತಂತಿಯಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಸುತ್ತಲಿನ ಹಳ್ಳಿಗರ ಕೈಯಲ್ಲಿ ಪಂಜು, ಲಾಟೀನು ದಶಕಗಟ್ಟಲೆ ಉಳಿದವು. ಆಮೇಲೆ ಸೆಲ್ ಹಾಕುವ ಬ್ಯಾಟರಿ ಬಂತು, ತಂಡಕ್ಕೊಂದು ಇದ್ದರೆ ಅದೇ ದೊಡ್ಡದು. ಈಗ ಹಣೆಗೆ ಕಟ್ಟುವ ಎಲ್‌ಇಡಿ ದೀಪ ಕೆಲವು ನೂರು ರೂಪಾಯಿಗೆ ಸಿಗುತ್ತದೆ.

ಹೆಗಲ ಗಂಟು ಬ್ಯಾಗಾಗಿದ್ದು ನಮ್ಮ ಕಣ್ಣೆದುರೇ. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವೈಲ್ಡ್‌ಕ್ರಾಫ್ಟ್ ಆರಂಭದಲ್ಲಿ ಮಾಡಿದ್ದು ಗುಡಾರ, ಕ್ಯಾಂಪಿಂಗ್ ಸಾಮಾನು. 2009ರಲ್ಲಿ ಫ್ರಾನ್ಸ್‌ನ ಡೆಕಾತ್ಲಾನ್ ಬೆಂಗಳೂರಿಗೆ ಬಂತು. ಐ.ಟಿ. ಕೆಲಸದ ಹುಡುಗರು ಚಾರಣಕ್ಕೆಂದು ಮಂಡ್ಯ ಸೀಮೆಯ ಕುಂತಿಬೆಟ್ಟಕ್ಕೆ ಹೊತ್ತುಕೊಂಡು ಬಂದ ಬ್ಯಾಗುಗಳು ಪಾದಯಾತ್ರೆಗೂ ಇಳಿದವು.

ಹೊಸದಾಗಿ ಹೊರಡುವವರು ದುಡ್ಡು ಹಾಕಬೇಕಾದದ್ದು ಮೂರಕ್ಕೆ: ಕಾಲು, ಬೆಳಕು, ಹೆಗಲು. ಶೂ ಕೊಳ್ಳಲು ಸಂಜೆ ಹೋಗಿ, ಆ ಹೊತ್ತಿಗೆ ಪಾದ ಊದಿರುತ್ತದೆ. ಹೆಬ್ಬೆರಳ ಮುಂದೆ ಅರ್ಧ ಇಂಚು ಜಾಗವಿರಲಿ. ಎರಡು ಮೂರು ವಾರ ಮೆಟ್ಟಿ ಪಳಗಿಸದೆ ಹೊರಟರೆ ಕೊಳ್ಳೇಗಾಲಕ್ಕೆ ಮೊದಲೇ ಕಚ್ಚಿ ಬೊಬ್ಬೆ ಏಳುತ್ತದೆ. ಹಣೆಯ ದೀಪ ಕೊಂಡರೆ ಮೆಟ್ಟಿಲು ಹತ್ತುವಾಗ ಎರಡೂ ಕೈ ಬಿಡುವು, ಮೊಬೈಲಿನ ಚಾರ್ಜೂ ಉಳಿಯುತ್ತದೆ. ಬ್ಯಾಗಿಗೆ ಸೊಂಟದ ಪಟ್ಟಿ ಇದ್ದರೆ ಭಾರ ಹೆಗಲಿನಿಂದ ಸೊಂಟಕ್ಕೆ ಇಳಿಯುತ್ತದೆ. ಉಳಿದದ್ದೆಲ್ಲ ಮನೆಯಲ್ಲೇ ಇದೆ: ಕಂಬಳಿ, ಹುರಿಹಿಟ್ಟು, ಬೆಲ್ಲ, ಕಾಲಿಗೆ ಹಚ್ಚಲು ಹರಳೆಣ್ಣೆ.

ಇನ್ನೊಂದನ್ನು ಕಡ್ಡಾಯವಾಗಿ ಒಯ್ಯಬೇಕು, ತುಂಬಿಸಿಕೊಳ್ಳುವ ಸ್ಟೀಲ್ ಬಾಟಲಿ. ಮಾದಪ್ಪನ ಮಲೆ 2013ರಿಂದ ವನ್ಯಜೀವಿಧಾಮ. ಆನೆ, ಹುಲಿ ಓಡಾಡುವ ಆ ಕಾಡಿನಲ್ಲಿ ಶಿವರಾತ್ರಿ ಹೊತ್ತಿಗೆ ಹುಲ್ಲು ಒಣಗಿ ನಿಂತಿರುತ್ತದೆ. ಅಲ್ಲಿ ಒಲೆ ಹೂಡಬಾರದು, ಬಾಟಲಿ ಬಿಸಾಡಬಾರದು. ಹಿಂದಿನವರ ಗಂಟಿನಲ್ಲಿ ಎಸೆಯುವಂಥದ್ದು ಏನೂ ಇರುತ್ತಿರಲಿಲ್ಲ. ನಮ್ಮ ಬ್ಯಾಗನ್ನೂ ಹಾಗೇ ಕಟ್ಟಿಕೊಳ್ಳುವುದು ಮಾದಪ್ಪನಿಗೆ ಸಲ್ಲಿಸುವ ಸೇವೆಯ ಒಂದು ಭಾಗವೇ ಆಗಬೇಕು.