ಒಂದೇ ಸರ್ವರಿಗೆ ಎರಡು ಕೇಬಲ್

ಕೆಲವು ವರ್ಷಗಳ ಹಿಂದೆ, ಡೆಟ್ರಾಯಿಟ್ ಸಮೀಪದ ಆಸ್ಪತ್ರೆಯೊಂದರ ರಾತ್ರಿಪಾಳಿಯಲ್ಲಿ, ಪಾರ್ಶ್ವವಾಯುವಿನ ಶಂಕೆಯಿದ್ದ ರೋಗಿಯೊಬ್ಬರ ಸಿ.ಟಿ. ಚಿತ್ರಗಳು ನನ್ನ ಪರದೆಗೆ ಬರಲೇ ಇಲ್ಲ. ಸ್ಕ್ಯಾನರ್ ಕೋಣೆಗೇ ಓಡಿ ನೋಡಬೇಕಾಯಿತು. ಚಿತ್ರಗಳ ಸರ್ವರಿಗೆ ಎರಡು ನೆಟ್‌ವರ್ಕ್ ಕಾರ್ಡುಗಳಿದ್ದವು, ಎರಡೂ ಸುಸ್ಥಿತಿಯಲ್ಲಿದ್ದವು! ಈ ಒಗಟನ್ನು ಬಿಡಿಸಿದವರು ಶಿಕಾಗೋ ಉಪನಗರದ ನನ್ನ ಇಂಜಿನಿಯರ್ ಗೆಳೆಯರು.

ಹಲವು ಕಾರ್ಡುಗಳನ್ನು ಒಂದೇ ವಿಳಾಸದಡಿ ಒಗ್ಗೂಡಿಸುವುದಕ್ಕೆ ಬಾಂಡಿಂಗ್ ಎಂದು ಹೆಸರು. ಲಿನಕ್ಸಿನಲ್ಲಿ ಇದಕ್ಕೆ 7 ವಿಧಾನಗಳುಂಟು. ಅವುಗಳಲ್ಲಿ ಸರಳವಾದದ್ದರಲ್ಲಿ ಒಂದು ಕಾರ್ಡು ದುಡಿಯುತ್ತದೆ, ಇನ್ನೊಂದು ಕಾದಿರುತ್ತದೆ; ಮೊದಲನೆಯದು ಸತ್ತೊಡನೆ ಎರಡನೆಯದು ಕೆಲಸ ವಹಿಸಿಕೊಳ್ಳುತ್ತದೆ. 2000ದಲ್ಲಿ ಪ್ರಮಾಣಿತವಾದ 802.3ಎಡಿ ವಿಧಾನದಲ್ಲಾದರೋ ಕಾರ್ಡುಗಳು ಸ್ವಿಚ್ಚಿನೊಡನೆ ಒಪ್ಪಂದ ಮಾಡಿಕೊಂಡು ಒಟ್ಟಿಗೇ ದುಡಿಯುತ್ತವೆ. ಆದರೆ ಒಂದು ಸಂಪರ್ಕದ ದತ್ತಾಂಶವೆಲ್ಲ ಒಂದೇ ಕೇಬಲಿನಲ್ಲಿ ಸಾಗುತ್ತದೆ. ಆದ್ದರಿಂದ 1 ಗಿಗಾಬಿಟ್ಟಿನ ಎರಡು ಕಾರ್ಡುಗಳಿದ್ದರೂ ಒಬ್ಬ ವೈದ್ಯನ ಕಡತ ಇಮ್ಮಡಿ ವೇಗದಲ್ಲಿ ಬಾರದು. ಹತ್ತು ಮಂದಿ ಏಕಕಾಲಕ್ಕೆ ಕೇಳಿದಾಗ ಮಾತ್ರ ಹೊರೆ ಹಂಚಿಹೋಗುತ್ತದೆ.

ನನಗೆ ಮೆದುಳಿನ ಬುಡದಲ್ಲಿರುವ ವಿಲ್ಲಿಸ್ ವೃತ್ತ ನೆನಪಾಯಿತು. ಕುತ್ತಿಗೆಯಿಂದ ಏರಿಬರುವ ನಾಲ್ಕು ಅಪಧಮನಿಗಳನ್ನು ಅದು ಬೆಸೆಯುತ್ತದೆ. ಒಂದು ಮುಚ್ಚಿದರೆ ಉಳಿದವು ರಕ್ತವನ್ನು ಪೂರೈಸಬಲ್ಲವು. (ಎಲ್ಲರಲ್ಲೂ ಈ ವೃತ್ತ ಪೂರ್ಣವಾಗಿರುವುದಿಲ್ಲ, ಅದು ಬೇರೆ ಮಾತು.) ಆದರೆ ನಾಲ್ಕಕ್ಕೂ ಮೂಲ ಒಂದೇ ಮಹಾಪಧಮನಿ.

ನಮ್ಮಲ್ಲಿ ಆದದ್ದೂ ಅದೇ. ಎರಡು ಕೇಬಲುಗಳೂ ಒಂದೇ ಸ್ವಿಚ್ಚಿಗೆ ಸೇರಿದ್ದವು. ಅದರಿಂದಾಚೆಯ ದಾರಿ ಕಡಿದಿತ್ತು. ಸ್ವಿಚ್ಚಿನವರೆಗಿನ ಸಂಪರ್ಕ ಜೀವಂತವಾಗಿದ್ದುದರಿಂದ ಬಾಂಡಿಂಗಿಗೆ ದೋಷವೇ ಕಾಣಲಿಲ್ಲ. ಬಳಿಕ ಕಾದಿರುವ ವಿಧಾನಕ್ಕೆ ಬದಲಿಸಿ, ಕೇಬಲುಗಳನ್ನು ಬೇರೆಬೇರೆ ಸ್ವಿಚ್ಚುಗಳಿಗೆ ಜೋಡಿಸಿದರು. ಈ ವಿಧಾನಕ್ಕೆ ಸ್ವಿಚ್ಚುಗಳ ಒಪ್ಪಂದ ಬೇಡ. ಜೊತೆಗೆ, ಸ್ವಿಚ್ಚಿನಾಚೆಯ ರೂಟರನ್ನು ಎಆರ್‌ಪಿ ಪ್ರಶ್ನೆಯಿಂದ ಪದೇ ಪದೇ ಕೂಗಿ ಕೇಳುವಂತೆ ಮಾಡಿದರು. ಉತ್ತರ ಬಾರದಿದ್ದರೆ ಸರ್ವರು ಇನ್ನೊಂದು ಕಾರ್ಡಿಗೆ ಹೊರಳುತ್ತದೆ.